ಫ್ರಿಜ್ಜಿನ ಬಾಗಿಲೂ ಬ್ರಹ್ಮಾಂಡವೂ

ನನಗೊಂದು ಚಟವಿದೆ. ಬೀಡಿ ಸಿಗರೇಟಿನ ಚಟವಾಗಿದ್ದರೆ ಯಾರಾದರೂ ಬೈದು ಬಿಡಿಸುತ್ತಿದ್ದರು. ನನ್ನದು ಬೇರೆ ಲೋಕಗಳಲ್ಲಿ ಬುದ್ಧಿಯುಳ್ಳ ಜೀವಿಗಳು ಇದ್ದಾರೆಯೇ ಎಂದು ಯೋಚಿಸುವ ಚಟ. ದಿನಾ ಬೆಳಗ್ಗೆ ಕೋಲಾರದಿಂದ ನರಸಾಪುರಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ಎಲ್ಲರೂ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರೆ, ನಾನೊಬ್ಬ ಕಿಟಕಿಗೆ ಹಣೆ ಒತ್ತಿಕೊಂಡು ಬ್ರಹ್ಮಾಂಡದ ಚಿಂತೆ ಮಾಡುತ್ತಿರುತ್ತೇನೆ. ಮಾಡಪ್ಪಾ ಎಂದು ಬ್ರಹ್ಮಾಂಡವೇನೂ ನನ್ನನ್ನು ಕೇಳಿಕೊಂಡಿಲ್ಲ. ನನ್ನ ನಿಜವಾದ ಕೆಲಸ ಸ್ಕೂಟರಿನ ಬಿಡಿಭಾಗಗಳಲ್ಲಿ ಬಿರುಕಿದೆಯೇ ಎಂದು ನೋಡಿ, ಇದ್ದರೆ ಕೆಂಪು ಡಬ್ಬಕ್ಕೆ ಹಾಕುವುದು.

ಪಕ್ಕದ ಸೀಟಿನ ವೆಂಕಟೇಶ ಮಾಲೂರಿನವನು, ಈಗ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಾನೆ. ಒಮ್ಮೆ ಅವನನ್ನು ತಿವಿದು ಎಬ್ಬಿಸಿ, ನಮ್ಮ ಸೂರ್ಯನನ್ನು ಬಿಟ್ಟರೆ ತೀರಾ ಹತ್ತಿರದ ನಕ್ಷತ್ರಕ್ಕೆ ಹೋಗಲು ಬೆಳಕಿಗೇ ನಾಲ್ಕು ವರ್ಷಕ್ಕೂ ಮೇಲೆ ಬೇಕು ಎಂದು ಹೇಳಿದೆ. ಅವನು ಒಂದೇ ಕಣ್ಣು ತೆರೆದ. “ಏನ್ಲಾ, ಮೇಲಿನೋರು ಬಂದು ನಿನ್ ಪೀಸ್ ಚೆಕ್ ಮಾಡ್ಕೊಡ್ತಾರಾ? ಕಿಟಕಿ ಮುಚ್ಚು, ಗಾಳಿ ಬರ್ತೈತೆ,” ಎಂದು ಆ ಕಣ್ಣನ್ನೂ ಮುಚ್ಚಿಕೊಂಡ. ಜ್ಞಾನಿಗಳನ್ನು ಅವರ ಕಾಲದವರು ಗುರುತಿಸುವುದಿಲ್ಲ ಎಂದುಕೊಂಡು ನಾನು ಕಿಟಕಿ ಮುಚ್ಚಿದೆ.

ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ಸಂಶಯವೇ ಇರಲಿಲ್ಲ. ಹದಿನಾಲ್ಕು ಲೋಕಗಳನ್ನು ಮಾಡಿ, ಒಂದೂ ಖಾಲಿ ಬಿಡದೆ ಎಲ್ಲದಕ್ಕೂ ಒಕ್ಕಲು ಕೂರಿಸಿದ್ದರು. ನಾನು ಹುಟ್ಟಿದ ಮುಳಬಾಗಿಲು ತಾಲ್ಲೂಕಿನಲ್ಲಂತೂ ಪಾಠ ಇನ್ನೂ ಖಚಿತ. ದೇವತೆಗಳೆಲ್ಲ ಬಂದು ಕೂಡಿದ ಬೆಟ್ಟವಾದ್ದರಿಂದ ಅದು ಕೂಡುಮಲೆ, ಜನರ ಬಾಯಲ್ಲಿ ಕುರುಡುಮಲೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅಂದರೆ ಬೇರೆ ಲೋಕದವರು ನಮ್ಮ ತಾಲ್ಲೂಕಿಗೆ ಬಂದು, ಮೀಟಿಂಗ್ ಮಾಡಿ, ಅಲ್ಲಿ ಈಗಲೂ ಇರುವ ಎರಡಾಳೆತ್ತರದ ಗಣಪತಿಯನ್ನು ಕೂರಿಸಿ ಹೋಗಿ ಎಷ್ಟೋ ಕಾಲವಾಯಿತು. ವಿಜ್ಞಾನಿಗಳು ದೊಡ್ಡ ದೊಡ್ಡ ತಟ್ಟೆಗಳನ್ನು ಆಕಾಶಕ್ಕೆ ತಿರುಗಿಸಿಕೊಂಡು ಈಗ ಕಿವಿಗೊಟ್ಟು ಕೂತಿದ್ದಾರೆ. ಇದುವರೆಗೆ ಯಾರೂ ‘ಹಲೋ’ ಎಂದಿಲ್ಲ.

ಈ ತಟ್ಟೆಗಳ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನನ್ನ ಹೆಂಡತಿ ಸುಜಾತ ನರಸಾಪುರದಲ್ಲೇ ಇನ್ನೊಂದು ಕಂಪನಿಯಲ್ಲಿ ಸೆಕೆಂಡ್ ಶಿಫ್ಟು. ನನ್ನದು ಫಸ್ಟ್ ಶಿಫ್ಟು. ಬೆಳಗ್ಗೆ ಐದೂಕಾಲಿಗೆ ನಾನು ಬಸ್ಸು ಹತ್ತುವಾಗ ಅವಳಿಗೆ ನಿದ್ದೆ. ಮಧ್ಯಾಹ್ನ ಮೂರಕ್ಕೆ ನಾನು ಮನೆಗೆ ಬರುವಾಗ ಅವಳು ಕೆಲಸದಲ್ಲಿ. ಅವಳು ಹನ್ನೊಂದಕ್ಕೆ ಬರುವಾಗ ನನ್ನ ಗೊರಕೆ. ವಾರದ ರಜೆಯೂ ಬೇರೆ ಬೇರೆ ದಿನ, ಅದನ್ನೂ ಇಬ್ಬರೂ ಓವರ್‌ಟೈಮಿಗೆ ಮಾರಿಕೊಂಡಿದ್ದೆವು. ಎರಡು ತಿಂಗಳು ನಾನು ಹೆಂಡತಿಯ ಅಸ್ತಿತ್ವವನ್ನು ಊಹೆಯಿಂದಲೇ ಸಾಧಿಸಿದ್ದೇನೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತರ್ಕಶಾಸ್ತ್ರದವರು ಹೇಳುತ್ತಾರಲ್ಲ, ಹಾಗೆ ಡಬ್ಬಿಯಲ್ಲಿ ಮುದ್ದೆ ಬೆಚ್ಚಗಿದೆ, ಆದ್ದರಿಂದ ಸುಜಾತ ಇದ್ದಾಳೆ.

ಫೋನ್ ಇಲ್ಲವೇ ಎಂದು ನೀವು ಕೇಳುತ್ತೀರಿ. ಇದೆ, ಆದರೆ ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಅವಳಿಗೆ ಬಿಡುವಾದಾಗ ನಾನು ಒಳಗೆ, ನನಗೆ ಬಿಡುವಾದಾಗ ಅವಳು ಒಳಗೆ. ಹಾಗಾಗಿ ನಮ್ಮ ಸಂಸಾರ ನಡೆಯುತ್ತಿದ್ದದ್ದು ಫ್ರಿಜ್ಜಿನ ಬಾಗಿಲ ಮೇಲೆ. ಬಿಳಿ ಬಾಗಿಲು, ಪಕ್ಕದಲ್ಲಿ ದಾರ ಕಟ್ಟಿದ ಮಾರ್ಕರ್ ಪೆನ್ನು. ‘ಗ್ಯಾಸ್ ಬುಕ್ ಮಾಡಿ.’ ‘ಮಾಡಿದೆ.’ ‘ಅವರೇಕಾಳು ಹಿದುಕಿಟ್ಟಿದೀನಿ, ಹಾಗೇ ತಿನ್ನಬೇಡಿ.’ ‘ಸ್ವಲ್ಪ ತಿಂದೆ.’ ಓದಿದವರು ಒರೆಸಿ ಉತ್ತರ ಬರೆಯಬೇಕು. ಇದು ನಮ್ಮ ಮನೆಯ ಕಾನೂನು.

ಕಳೆದ ತಿಂಗಳು ಒಂದು ಮಧ್ಯಾಹ್ನ ಊಟ ಮಾಡುತ್ತಾ ನಕ್ಷತ್ರಗಳ ಕುರಿತ ವಿಡಿಯೋ ಒಂದನ್ನು ನೋಡಿ ನನಗೆ ಮೈಮೇಲೆ ಬಂದಂತಾಯಿತು. ಈ ಸತ್ಯವನ್ನು ತಕ್ಷಣ ಯಾರಿಗಾದರೂ ಹೇಳಲೇಬೇಕು. ಬಾಗಿಲ ಮೇಲೆ ಅವಳೇನೋ ಉದ್ದಕ್ಕೆ ಬರೆದಿದ್ದಳು. ‘ಸೋಮವಾರದಿಂದ’ ಎಂಬ ಮೊದಲ ಪದ ಕಣ್ಣಿಗೆ ಬಿತ್ತು. ಹಾಲಿನವನು ಸೋಮವಾರದಿಂದ ಬರುವುದಿಲ್ಲವೇನೋ ಎಂದುಕೊಂಡು, ಮುಂದೆ ಓದದೆ ಮಸಿಬಟ್ಟೆಯಲ್ಲಿ ಒರೆಸಿ, ದೊಡ್ಡ ಅಕ್ಷರದಲ್ಲಿ ಬರೆದೆ: ‘ಇಷ್ಟು ದೊಡ್ಡ ವಿಶ್ವದಲ್ಲಿ ನಾವು ಒಂಟಿಯಾಗಿರಲು ಸಾಧ್ಯವೇ ಇಲ್ಲ. ಯೋಚಿಸು.’

ಮಾರನೆಯ ಬೆಳಗ್ಗೆ ಅದನ್ನು ಒರೆಸಿದ ಜಾಗದಲ್ಲಿ ಒಂದೇ ಪದವಿತ್ತು: ‘ಸರ್ಲೆಂಡಿ.’ ಸುಜಾತ ಶ್ರೀನಿವಾಸಪುರದಾಚೆ ಗೌನಿಪಲ್ಲಿಯ ಹುಡುಗಿ. ಸಂತೋಷದಲ್ಲಿ ಕನ್ನಡ, ಸಿಟ್ಟಿನಲ್ಲಿ ತೆಲುಗು. ‘ಆಯಿತು ಬಿಡಿ’ ಎಂಬ ಆ ಪದವನ್ನು ಓದಿ ನಾನು ಹೆದರಬೇಕಿತ್ತು. ನಾನೋ, ಕೊನೆಗೂ ಒಬ್ಬ ಶಿಷ್ಯೆ ಸಿಕ್ಕಳೆಂದು ಬಸ್ಸಿನುದ್ದಕ್ಕೂ ಹಿಗ್ಗಿದೆ.

ಆಮೇಲೆ ಬಾಗಿಲು ಖಾಲಿ. ಒಂದು ದಿನ, ಎರಡು ದಿನ, ಒಂದು ವಾರ. ಮುದ್ದೆ ಬೆಚ್ಚಗಿರುತ್ತಿತ್ತು, ಸಾರು ಮುಚ್ಚಿರುತ್ತಿತ್ತು, ಅಕ್ಷರ ಮಾತ್ರ ಇಲ್ಲ. ನಾನು ಶನಿಗ್ರಹದ ಉಂಗುರದ ಬಗ್ಗೆ ಬರೆದೆ. ಉತ್ತರವಿಲ್ಲ. ಫೋನಿಗೂ ಇಲ್ಲ. ಒಂಬತ್ತನೆಯ ದಿನ ಬಸ್ಸಿನಲ್ಲಿ ವೆಂಕಟೇಶ ತಾನಾಗಿಯೇ ಎರಡೂ ಕಣ್ಣು ತೆರೆದ. ಅವನ ಹೆಂಡತಿಯೂ ಸುಜಾತಳ ಲೈನಿನಲ್ಲೇ ಕೆಲಸ ಮಾಡುತ್ತಾಳೆ.

“ಲೇ, ನಿನ್ ಹೆಂಡ್ತಿಗೆ ಸೋಮವಾರದಿಂದ ಫಸ್ಟ್ ಶಿಫ್ಟ್ ಕೊಡ್ತೀವಿ ಅಂದಿದ್ರಂತೆ. ಲೈನ್ ಲೀಡರ್ ಕೈಕಾಲು ಹಿಡಿದು ಕೇಳ್ಕೊಂಡಿದ್ಳಂತೆ. ಒಪ್ಕೊಳ್ಳಲಾ ಅಂತ ಬರೆದು ಕೇಳಿದ್ರೆ, ನೀನು ಅದನ್ನ ಅಳಿಸಿ ಯಾವುದೋ ನಕ್ಷತ್ರದ ಕತೆ ಬರೆದ್ಯಂತೆ. ಬೇಡ ಅಂದ್ಬಿಟ್ಳು. ಈಗ ಅದು ಬೇರೆ ಹುಡುಗಿಗೆ ಹೋಯ್ತು.”

ಶಿಫ್ಟು ಬದಲಾಯಿಸಲು ಮತ್ತೆ ಕೇಳಬೇಕೆಂದರೆ ಇನ್ನು ಮೂರು ತಿಂಗಳು ಕಾಯಬೇಕು. ಎಲ್ಲಿಂದಲೋ ಬರಲಿರುವ ಸಂದೇಶಕ್ಕೆ ಕಾಯುತ್ತಿದ್ದ ಮಹಾಶಯ, ಮನೆಗೇ ಬಂದ ಸಂದೇಶವನ್ನು ಮಸಿಬಟ್ಟೆಯಿಂದ ಒರೆಸಿದ್ದ. ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು. ಅವಳು ನನ್ನ ಜೊತೆ ಇರಬೇಕೆಂದು ಯಾರದೋ ಮುಂದೆ ಕೈಕಟ್ಟಿ ನಿಂತಿದ್ದಳು. ನಾನು ಅದನ್ನು ಯಾವತ್ತೂ ಮಾಡಿರಲಿಲ್ಲ.

ಅಂದು ಸೂಪರ್‌ವೈಸರ್ ಹತ್ತಿರ ಒಂದು ಗಂಟೆ ಪರ್ಮಿಷನ್ ಕೇಳಿಕೊಂಡು, ಒಂದೂವರೆಗೆ ಅವಳ ಕಂಪನಿಯ ಗೇಟಿನ ಮುಂದೆ ನಿಂತೆ. ಬಸ್ಸುಗಳು ಬಂದವು. ನೀಲಿ ಕೋಟಿನ ನೂರಾರು ಹೆಂಗಸರು ಇಳಿದರು. ಎಲ್ಲರೂ ಒಂದೇ ಥರ. ನನ್ನ ಹೆಂಡತಿಯನ್ನೇ ಗುರುತು ಹಿಡಿಯಲಾರೆನೇನೋ ಎಂದು ಒಂದು ಕ್ಷಣ ನಿಜವಾಗಿಯೂ ಹೆದರಿದೆ. ಅವಳೇ ನನ್ನನ್ನು ನೋಡಿ ಸಾಲಿನಿಂದ ಪಕ್ಕಕ್ಕೆ ಬಂದಳು.

“ತಪ್ಪಾಯ್ತು ಕಣೇ. ನಾನು ಓದ್ಲೇ ಇಲ್ಲ,” ಎಂದೆ.

“ಗೊತ್ತು. ಓದಿದ್ರೆ ಹಂಗೆ ಬರೀತಿರ್ಲಿಲ್ಲ.”

“ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಇನ್ನೊಂದ್ಸಲ ಬರೀಬೇಕಿತ್ತು.”

“ಓದೋರು ಇದ್ರೆ ತಾನೇ ಬರಿಯೋದು.”

ಅವಳ ಕಣ್ಣುಗಳು ಕೆಂಪಾಗಿದ್ದವು. ನಿದ್ದೆ ಸಾಲದು ಅನ್ನಿಸಿತು. ನಿನ್ನ ನಿದ್ದೆ ಕೆಡದಿರಲಿ ಅಂತ ಬೆಳಗ್ಗೆ ನಾನು ದೀಪ ಹಾಕುವುದಿಲ್ಲ, ಚಪ್ಪಲಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋಗುತ್ತೇನೆ ಎಂದು ನನ್ನ ಒಂದೇ ಒಂದು ಪುಣ್ಯಕಾರ್ಯವನ್ನು ಅವಳ ಮುಂದಿಟ್ಟೆ.

“ನಂಗೆ ದಿನಾ ಎಚ್ಚರ ಇರುತ್ತೆ ರೀ,” ಎಂದಳು. “ಕಣ್ಣು ಮುಚ್ಕೊಂಡು ಮಲಗಿರ್ತೀನಿ. ಇವತ್ತಾದ್ರೂ ಎಬ್ಬಿಸ್ತೀರೇನೋ ಅಂತ. ನೀವು ಕಳ್ಳನ ಥರ ಎದ್ದು ಹೋಗ್ತೀರ.”

“ನೀನೇ ಮಾತಾಡಿಸ್ಬೋದಿತ್ತಲ್ಲ?”

“ನಿಮಗೆ ಲೇಟಾಗುತ್ತೆ ಅಂತ ನಾನು ಸುಮ್ಮನಿರ್ತಿದ್ದೆ.”

ಸೈರನ್ ಆಯಿತು. ಅವಳು ಫೋನು ಕೊಟ್ಟು, ಕಾರ್ಡು ಒತ್ತಿ, ನೀಲಿ ಕೋಟುಗಳ ನಡುವೆ ಸೇರಿಹೋದಳು. ನಾನು ಗೇಟಿನ ಹೊರಗೆ ಬಿಸಿಲಿನಲ್ಲೇ ನಿಂತಿದ್ದೆ. ಎರಡು ತಿಂಗಳು, ಎರಡಡಿ ಅಂತರದಲ್ಲಿ, ಇಬ್ಬರೂ ಎಚ್ಚರವಾಗಿದ್ದು, ಇಬ್ಬರೂ ಒಬ್ಬರಿಗೊಬ್ಬರು ತೊಂದರೆ ಕೊಡಬಾರದೆಂದು ಉಸಿರು ಬಿಗಿಹಿಡಿದು ಕಾದಿದ್ದೆವು. ಮೇಲಿನವರೂ ಹೀಗೇ ಕಣ್ಣು ಮುಚ್ಚಿಕೊಂಡು ಮಲಗಿದ್ದಾರೋ ಏನೋ. ಇರಲಿ, ಅವರನ್ನು ಎಬ್ಬಿಸುವುದಕ್ಕೆ ಬೇರೆ ಯಾರಾದರೂ ಇದ್ದೇ ಇರುತ್ತಾರೆ.

ಮಾರನೆಯ ದಿನ ಬೆಳಗ್ಗೆ ಐದಕ್ಕೆ ದೀಪ ಹಾಕಿ, “ಸುಜಾತಾ, ಏಳು,” ಎಂದೆ. ನಾನು ಬಾಯಿ ಮುಚ್ಚುವ ಮೊದಲೇ ಎದ್ದು ಕೂತಿದ್ದಳು. ಹದಿನೈದು ನಿಮಿಷ ಕಾಫಿ ಕುಡಿಯುತ್ತಾ ಮಾತಾಡಿದೆವು, ಹಾಲಿನವನು ಹಾಲಿಗೆ ನೀರು ಬೆರೆಸುವ ವಿಷಯ. ನನಗೆ ಬಸ್ಸು ತಪ್ಪಿತು.