ಕಡೇ ಬೆಂಚಿನ ಚಿಕ್ಕಮಾರಮ್ಮ

ಚಿಕ್ಕಮಾರಮ್ಮ ಏಳನೇ ತರಗತಿಯಲ್ಲಿ ಎರಡು ಸಲ ಫೇಲಾದವಳು. ಮೂರನೆಯ ಸಲ ಬಂದು ಕೂತಾಗ ಉಳಿದ ಮಕ್ಕಳಿಗಿಂತ ಒಂದು ಗೇಣು ಎತ್ತರವಿದ್ದಳು. ಗುಬ್ಬಿಗೆ ಎರಡು ಮೈಲಿ ದೂರದ ಹಟ್ಟಿಯಿಂದ ನಡೆದು ಬರುತ್ತಿದ್ದಳು. ಅವ್ವ ತೆಂಗಿನ ನಾರು ಬಡಿದು ಹಗ್ಗ ಹೊಸೆಯುವವಳು. ಮಗಳೂ ಬೆಳಿಗ್ಗೆ ಎದ್ದು ಒಂದಷ್ಟು ನಾರು ಬಡಿದೇ ಶಾಲೆಗೆ ಹೊರಡಬೇಕು. ಅವಳ ಜಡೆಯಲ್ಲಿ ಯಾವಾಗಲೂ ಒಂದೆರಡು ನಾರಿನ ಎಳೆ ಸಿಕ್ಕಿಕೊಂಡಿರುತ್ತಿತ್ತು. ಅದನ್ನು ನಾನು ಕೊಳಕು ಎಂದು ಕರೆಯುತ್ತಿದ್ದೆ.

ಇದು ೧೯೭೯ರ ಮಾತು. ನಾನು ಆ ಶಾಲೆಯ ಗಣಿತದ ಮೇಷ್ಟ್ರು. ಅಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಾನು 'ಶ್ರೇಣಿ ಪದ್ಧತಿ'ಯ ಜನಕನೂ ಆಗಿದ್ದೆ. ಪ್ರತಿ ತಿಂಗಳ ಪರೀಕ್ಷೆಯಾದ ಮೇಲೆ ಅಂಕದ ಪ್ರಕಾರ ಮಕ್ಕಳ ಜಾಗ ಬದಲಾಗಬೇಕು. ಜಾಣರು ಮುಂದೆ, ದಡ್ಡರು ಹಿಂದೆ. ತಾಲ್ಲೂಕು ಶಿಕ್ಷಕರ ಸಭೆಯಲ್ಲಿ ಇದರ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದ್ದೆ. ಮೊದಲ ಸಾಲಿನವರು ಎಚ್ಚರವಾಗಿಯೇ ಇದ್ದರು.

ಆ ವರ್ಷ ಫಾತಿಮುನ್ನೀಸಾ ಎಂಬ ಹುಡುಗಿ ಎರಡನೇ ಬೆಂಚಿನಿಂದ ಜಾರತೊಡಗಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ವಾಚ್ ರಿಪೇರಿ ಮಾಡುವ ಇಸಾಕ್ ಸಾಬರ ಮಗಳು. ಬಾಯಲ್ಲಿ ಕೇಳಿದರೆ ಎಂಥ ಲೆಕ್ಕಕ್ಕೂ ನಾನು ಬಳಪ ಎತ್ತುವಷ್ಟರಲ್ಲಿ ಉತ್ತರ ಹೇಳುವವಳು. ಬೋರ್ಡಿನ ಮೇಲೆ ಬರೆದುಕೊಟ್ಟರೆ ತಪ್ಪು. ಸೊಕ್ಕು ಎಂದು ತೀರ್ಮಾನಿಸಿದೆ. ತಿಂಗಳಿಗೊಂದು ಬೆಂಚು ಹಿಂದೆ ಹೋಗುತ್ತಾ ಹೋಗುತ್ತಾ ದಸರಾ ಹೊತ್ತಿಗೆ ಚಿಕ್ಕಮಾರಮ್ಮನ ಪಕ್ಕ ಬಂದು ಕೂತಳು.

ಮುಂದಿನ ಪರೀಕ್ಷೆಯಲ್ಲಿ ಹಿಂದಿನಿಂದ ಪಿಸಪಿಸ ಕೇಳಿಸಿತು. ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಇಬ್ಬರನ್ನೂ ಹಿಡಿದೆ.

"ಏನೇ ಅದು, ಕಾಪಿ ಹೇಳ್ಕೊಡ್ತೀಯಾ?"

"ಕಾಪಿ ಅಲ್ಲ ಸಾ," ಎಂದಳು ಚಿಕ್ಕಮಾರಮ್ಮ.

"ಮತ್ತೇನು, ಹರಿಕಥೇನಾ?"

ತರಗತಿ ಗೊಳ್ಳೆಂದು ನಕ್ಕಿತು. ನನ್ನ ಹಾಸ್ಯಪ್ರಜ್ಞೆಗೆ ನಾನೇ ಮೆಚ್ಚಿ ಇಬ್ಬರಿಗೂ ಎರಡೆರಡು ಏಟು ಕೊಟ್ಟೆ. ಚಿಕ್ಕಮಾರಮ್ಮನಿಗೆ ಇನ್ನೆರಡು ಹೆಚ್ಚು, ದೊಡ್ಡವಳಲ್ಲವೇ! ಫಾತಿಮಾಳನ್ನು ಗೋಡೆಯ ಪಕ್ಕ ಒಂಟಿಯಾಗಿ ಕೂರಿಸಿ, ಬೋರ್ಡಿನ ಮೇಲೆ ಬೇರೆ ಲೆಕ್ಕ ಬರೆದು ಹೊಸದಾಗಿ ಪರೀಕ್ಷೆ ಕೊಟ್ಟೆ. ಖಾಲಿ ಹಾಳೆ ಬಂತು. "ನೋಡಿದ್ರಾ, ಕಾಪಿ ಇಲ್ದಿದ್ರೆ ಸೊನ್ನೆ!" ಎಂದು ಆ ಹಾಳೆಯನ್ನು ಎತ್ತಿ ತರಗತಿಗೆ ತೋರಿಸಿದೆ.

ಮಾರನೆಯ ದಿನದಿಂದ ಚಿಕ್ಕಮಾರಮ್ಮ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಹಾಕಿಕೊಂಡು ಹೋದೆ.

ವಾರದ ಮೇಲೆ ಇಸಾಕ್ ಸಾಬರು ಮಗಳ ಕೈ ಹಿಡಿದುಕೊಂಡು ಬಂದರು.

"ಟೀಸಿ ಕೊಟ್ಬುಡಿ ಸಾರ್. ಓದು ಇವ್ಳ ಹಣೇಲಿಲ್ಲ. ಅಂಗ್ಡೀಲಿ ನನ್ ಕಣ್ಣಿಗೇ ಕಾಣದ ಸ್ಕ್ರೂ ಹುಡುಕ್ಕೊಡ್ತಾಳೆ. ಆ ಕೆಲ್ಸಾನೇ ಕಲೀಲಿ."

ನಾನು ಗಂಭೀರವಾಗಿ ತಲೆಯಾಡಿಸಿ ಫಾರಂ ತೆಗೆದೆ. ಸಾಬರು ಮಗಳಿಗೆ, "ಬೇಟಿ, ಟೈಮೆಷ್ಟು ನೋಡು, ಅಂಗ್ಡಿ ತೆಗೀಬೇಕು," ಎಂದರು. ಗಡಿಯಾರ ಎದುರು ಗೋಡೆಯ ಮೇಲೆಯೇ ಇತ್ತು. ಹುಡುಗಿ ಎದ್ದು ಗೋಡೆಯವರೆಗೆ ನಡೆದು ಹೋದಳು. ತುದಿಗಾಲಲ್ಲಿ ನಿಂತು, ಕತ್ತು ಚಾಚಿ, ಮುಖವನ್ನು ಗಡಿಯಾರದ ಹತ್ತಿರ ಒಯ್ದು, "ಹತ್ತು ಗಂಟೆ ಹತ್ತು ನಿಮ್ಷ, ಅಬ್ಬಾ," ಎಂದಳು.

ನನ್ನ ಪೆನ್ನು ನಿಂತಿತು. ವಾಚ್ ರಿಪೇರಿಯವರ ಮಗಳಿಗೆ ಹತ್ತಡಿ ದೂರದ ಗಡಿಯಾರ ಕಾಣುವುದಿಲ್ಲ! ಹತ್ತಿರದ ಸ್ಕ್ರೂ ಕಾಣುವವಳಿಗೆ ದೂರದ್ದು ಕಾಣದಿರಬಹುದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

"ಬೋರ್ಡು ಕಾಣ್ತಿತ್ತೇನಮ್ಮಾ?"

"ಇಲ್ಲ ಸಾರ್. ಪಕ್ಕದೋರು ಬರ್ಕೊಂಡಿದ್ದು ನೋಡ್ಕೋತಿದ್ದೆ. ಆಮೇಲೆ ಪಕ್ಕ ಕೂತ್ ದಿನಾನೇ ಚಿಕ್ಕಮಾರಿ ತಾನಾಗೇ ಕೇಳಿದ್ಲು, 'ನಿಂಗೆ ಕಾಣಾಕಿಲ್ವಾ?' ಅಂತ. ಅವಳೇ ಓದಿ ಹೇಳ್ತಿದ್ಲು."

"ನಂಗ್ಯಾಕೆ ಹೇಳ್ಲಿಲ್ಲ?"

"ಕ್ಲಾಸಲ್ಲಿ ಮಾತಾಡ್ಬಾರ್ದು ಅಂದಿದ್ರಲ್ಲ ಸಾರ್."

ಏಟು ಕೊಟ್ಟ ದಿನದ ಫಾತಿಮಾಳ ಮೊದಲ ಉತ್ತರ ಪತ್ರಿಕೆ ತೆಗೆದು ನೋಡಿದೆ. ನಾನು ಬೋರ್ಡಿನ ಮೇಲೆ ಕೊಟ್ಟಿದ್ದು ನಲವತ್ತಾರು ಹನ್ನೆರಡಲೆ. ಚಿಕ್ಕಮಾರಮ್ಮನಿಗೆ ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ಅಷ್ಟಕ್ಕಷ್ಟೇ. ಫಾತಿಮಾ ನಲವತ್ತೊಂಬತ್ತು ಹನ್ನೆರಡಲೆ ಐನೂರ ಎಂಬತ್ತೆಂಟು ಎಂದು ಸರಿಯಾಗಿಯೇ ಬರೆದಿದ್ದಳು. ಅದರ ಮೇಲೆ ನನ್ನ ಕೆಂಪು ಶಾಯಿಯ ಗೀಟು, ಹಾಳೆ ಹರಿಯುವಷ್ಟು ಜೋರಾಗಿ. ಹುಡುಗಿಯ ಕಣ್ಣು ಮಂದವಾದಷ್ಟೂ ನಾನು ಅವಳನ್ನು ಬೋರ್ಡಿನಿಂದ ದೂರ ತಳ್ಳಿದ್ದೆ. ನಾಲ್ಕು ತಿಂಗಳು ನನಗೆ ಕಾಣದ್ದನ್ನು ಎರಡು ಸಲ ಫೇಲಾದವಳು ಪಕ್ಕದಲ್ಲಿ ಕೂತ ದಿನವೇ ಕಂಡುಹಿಡಿದಿದ್ದಳು. ಅದಕ್ಕೆ ನಾನು ಕೊಟ್ಟ ಬಹುಮಾನ ನಾಲ್ಕು ಏಟು.

ಸಾಬರು ಟೀಸಿ ಬೇಡವೆಂದರು. ಮಗಳನ್ನು ತುಮಕೂರಿಗೆ ಕರೆದುಕೊಂಡು ಹೋಗಿ ದಪ್ಪ ಕನ್ನಡಕ ಹಾಕಿಸಿಕೊಂಡು ಬಂದರು. ಅದಿದ್ದರೂ ಮೊದಲ ಬೆಂಚಿನಿಂದ ಮಾತ್ರ ಬೋರ್ಡು ಕಾಣುತ್ತಿತ್ತು. ಅಲ್ಲೇ ಕೂರಿಸಿದೆ.

ಭಾನುವಾರ ಸೈಕಲ್ ತುಳಿದುಕೊಂಡು ಹಟ್ಟಿಗೆ ಹೋದೆ. ಮೇಷ್ಟ್ರೇ ಮನೆ ಬಾಗಿಲಿಗೆ ಬಂದರೆ ಹುಡುಗಿ ಪುಸ್ತಕದ ಚೀಲ ಎತ್ತಿಕೊಂಡು ಹಿಂದೆಯೇ ಓಡಿ ಬರುತ್ತಾಳೆಂಬ ಖಾತರಿ ನನಗಿತ್ತು. ಚಿಕ್ಕಮಾರಮ್ಮ ಅಂಗಳದಲ್ಲಿ ಮರದ ಕೊಡತಿಯಿಂದ ನಾರು ಬಡಿಯುತ್ತಿದ್ದಳು.

"ನಾಳೆಯಿಂದ ಬಾಮ್ಮ. ನಂದೇ ತಪ್ಪಾಯ್ತು."

ಅವಳು ಕೊಡತಿ ಕೆಳಗಿಟ್ಟಳು. "ಪಾತಿಮಾಗೆ ಕಾಣ್ತದಾ ಈಗ?"

"ಕಾಣ್ತದೆ. ಮುಂದಿನ ಬೆಂಚಲ್ಲಿ ಕೂತವ್ಳೆ."

ಅವಳ ಮುಖ ಅರಳಿತು. "ನನ್ನೂ ಅವ್ಳ ಪಕ್ಕ ಕೂರುಸ್ತೀರಾ ಸಾ?"

ಹೂಂ ಅನ್ನಬೇಕಿತ್ತು. ಅಷ್ಟಕ್ಕೆ ಎಷ್ಟು ಹೊತ್ತು ಬೇಕು? ಆದರೆ ಮೊದಲ ಬೆಂಚು, ಎರಡು ಸಲ ಫೇಲು, ನನ್ನ ಪದ್ಧತಿ, ಮುಕ್ಕಾಲು ಗಂಟೆಯ ಭಾಷಣ, ಇವೆಲ್ಲ ಒಟ್ಟಿಗೆ ಅಡ್ಡ ಬಂದವು.

"ಅದು... ಮಾರ್ಕ್ಸು ನೋಡ್ಕೊಂಡು..." ಎಂದೆ.

ಅವಳು ನಕ್ಕಳು. ಕೋಪವೇನೂ ಇರಲಿಲ್ಲ. ಮತ್ತೆ ಕೊಡತಿ ಎತ್ತಿಕೊಂಡಳು.

"ಬುಡಿ ಸಾ. ಅವ್ಳಿಗೆ ಕಾಣ್ತದಲ್ಲ, ಇನ್ ನಂಗೇನ್ ಕೆಲ್ಸ ಅಲ್ಲಿ? ಬಿಸ್ಲು ಏರ್ತದೆ, ಹೊರ್ಡಿ."

ಮಾರನೆಯ ದಿನವೇ ಶ್ರೇಣಿ ಪದ್ಧತಿಯನ್ನು ನಿಲ್ಲಿಸಿದೆ. ಇನ್ನೂ ಎರಡು ಸಲ ಹಟ್ಟಿಗೆ ಹೋಗಿ, ಮೊದಲ ಬೆಂಚೇ ಕೊಡುತ್ತೇನೆಂದು ಹೇಳಿದೆ. ಅವಳು ನನಗೆ ಮಜ್ಜಿಗೆ ಕೊಟ್ಟಳೇ ಹೊರತು ಶಾಲೆಗೆ ಬರಲಿಲ್ಲ. ಎರಡು ವರ್ಷದ ಮೇಲೆ ಅವಳನ್ನು ಕುಣಿಗಲ್ ಕಡೆಗೆ ಮದುವೆ ಮಾಡಿಕೊಟ್ಟರು.

ಫಾತಿಮುನ್ನೀಸಾ ಆ ವರ್ಷ ಗಣಿತದಲ್ಲಿ ತೊಂಬತ್ತಾರು ತೆಗೆದಳು. ಇನ್‌ಸ್ಪೆಕ್ಟರು ನನ್ನ ಬೆನ್ನು ತಟ್ಟಿ, "ಇಂಥ ಮಕ್ಕಳನ್ನ ಗುರುತಿಸೋ ಕಣ್ಣು ಬೇಕು ಕಣ್ರೀ," ಎಂದರು. ಆ ಕಣ್ಣು ಯಾರದೆಂದು ಹೇಳಲು ಬಾಯಿ ತೆರೆದೆ.

ಬಾಯಿಂದ ಬಂದಿದ್ದು "ಥ್ಯಾಂಕ್ಸ್ ಸಾರ್" ಅಷ್ಟೇ.