ಕೊಂಬಿಲ್ಲದ ಕೊಂಡುಕುರಿ

ಚಿರಂತ, ಸಿಂಚನಾ, ಮೊನ್ನೆ ಭಾನುವಾರ ನೀವಿಬ್ಬರೂ ಫೋನು ಹಿಡಿದು ನನ್ನ ಅಕ್ಕಪಕ್ಕ ಕೂತಿರಿ. ಚಿಕ್ಕನಾಯಕನಹಳ್ಳಿ ಗುಡ್ಡದಲ್ಲಿ ಯಾರೋ ತೆಗೆದ ಫೋಟೊ. ಒಣಹುಲ್ಲಿನ ನಡುವೆ ಒಂದು ಕೊಂಡುಕುರಿ ಕತ್ತೆತ್ತಿ ನಿಂತಿತ್ತು. "ಕೊಂಬಿಲ್ಲ, ಹೆಣ್ಣು," ಎಂದ ಚಿರಂತ. "ಅಷ್ಟು ಬೇಗ ಹೇಳಬೇಡಪ್ಪ," ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. "ಮತ್ತೆ ಹೆಂಗಜ್ಜಿ ಗೊತ್ತಾಗೋದು?" ಎಂದಳು ಸಿಂಚನಾ. ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಹೇಳಿ ನಾನು ಎದ್ದು ಹೋದೆ. ಹಾಲು ಇಟ್ಟಿರಲಿಲ್ಲ. ಒಲೆಯನ್ನೇ ಹಚ್ಚಿರಲಿಲ್ಲ.

ಬಾಯಲ್ಲಿ ಹೇಳಲಾಗದ್ದನ್ನು ಬರೆಯಬಹುದೇನೋ ಎಂದು ಕೂತಿದ್ದೇನೆ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೆಯ ತರಗತಿವರೆಗೆ. "ಯಾಕಮ್ಮ ನಿನ್ನ ಅಕ್ಷರ ಇಷ್ಟು ಸಣ್ಣಕ್ಕಿವೆ, ಅವಕ್ಕೂ ನಾಚಿಕೆಯಾ?" ಎನ್ನುತ್ತಿದ್ದರು ಮೇಷ್ಟ್ರು. ಈಗಲೂ ಹಾಗೇ ಇವೆ. ಬೆಳಕಿನಲ್ಲಿ ಕೂತು ಓದಿ.

ಕೊಂಡುಕುರಿ ಹೆಸರಿಗೆ ಕುರಿ, ಗಾತ್ರಕ್ಕೆ ಮೇಕೆ, ಓಟಕ್ಕೆ ಜಿಂಕೆ. ಬೆಳೆದ ಗಂಡಿಗೆ ನಾಲ್ಕು ಕೊಂಬು, ಹೆಣ್ಣಿಗೆ ಒಂದೂ ಇಲ್ಲ. ತೊಡಕಿರುವುದು ಎಳೆಯ ಗಂಡಿನಲ್ಲಿ. ಅದರ ಕೊಂಬು ಇನ್ನೂ ಮೊಳಕೆ, ನೆತ್ತಿಯ ಕೂದಲಲ್ಲಿ ಹುದುಗಿರುತ್ತದೆ. ದೂರದಿಂದ ನೋಡಿದರೆ ತಾಯಿ ಯಾವುದು, ಮಗ ಯಾವುದು ತಿಳಿಯುವುದಿಲ್ಲ.

ನಾನು ಅಮ್ಮಸಂದ್ರದ ಕಡೆಯವಳು, ಕುರಿ ಸಾಕುವವರ ಮನೆಯ ಮಗಳು. ನೀವು ಫೋಟೊದಲ್ಲಿ ತೋರಿಸಿದ ಆ ಗುಡ್ಡದ ಬುಡದ ಊರಿಗೆ ಸೊಸೆಯಾಗಿ ಹೋದಾಗ ನನಗೆ ಹದಿನೆಂಟು. ಆಗ ಹಳ್ಳಿಗಳಲ್ಲಿ ಬೇಟೆ ನಡೆಯುತ್ತಿತ್ತು. ಈಗ ಅದು ಅಪರಾಧ, ಒಳ್ಳೆಯದೇ ಆಯಿತು. ನಿಮ್ಮ ಮುತ್ತಾತ, ಅಂದರೆ ನನ್ನ ಮಾವನವರು, ತಮ್ಮ ಅಪ್ಪನ ಕಾಲದ ಕೋವಿಯೊಂದನ್ನು ಕೊಬ್ಬರಿಯ ಅಟ್ಟದ ಮೇಲೆ ಇಟ್ಟಿದ್ದರು. ಕೆಳಗಿಳಿಸಿದರೆ ಮದ್ದಿಗಿಂತ ಕೊಬ್ಬರಿಯ ವಾಸನೆಯೇ ಹೆಚ್ಚು ಬರುತ್ತಿತ್ತು. ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹೆಣ್ಣಿನ ಮೇಲೆ ಹಾರಿದ ಕೋವಿ ಮತ್ತೆ ಹೊಸ್ತಿಲು ದಾಟಿ ಒಳಗೆ ಬರಬಾರದು. ಹಾರಿಸಿದವನನ್ನು ಊರಿನವರು ಮತ್ತೆ ಬೇಟೆಗಾರ ಎನ್ನುತ್ತಿರಲಿಲ್ಲ. ಮಾವನೂ ಅವರ ಅಪ್ಪನೂ ಆ ಕಟ್ಟಳೆಯನ್ನು ಒಮ್ಮೆಯೂ ಮುರಿದಿರಲಿಲ್ಲ.

ಸಂಜೆ ಜಗಲಿಯಲ್ಲಿ ಮಾವ ನಿಮ್ಮ ತಾತನಿಗೂ ಅವರ ಗೆಳೆಯರಿಗೂ ಪಾಠ ಹೇಳುತ್ತಿದ್ದರು. "ಕತ್ತು ನೋಡ್ಲಾ, ದಪ್ಪಗಿದ್ರೆ ಗಂಡು. ನೆತ್ತಿ ಕೂದ್ಲು ಎದ್ದಿದ್ರೆ ಒಳಗೆ ಕೊಂಬೈತೆ ಅಂತ. ಓಡ್ತಾ ಓಡ್ತಾ ಹಿಂದಕ್ ತಿರುಗಿ ನೋಡ್ತು ಅನ್ನು, ಅದಕ್ಕೆ ಮರಿ ಐತೆ, ಬುಡು." ನಾನು ಬಾಗಿಲ ಹಿಂದೆ ರಾಗಿ ಕೇರುತ್ತಾ ಕೇಳುತ್ತಿದ್ದೆ. ಸೊಸೆಯಾದವಳು ಮಾವನ ಎದುರು ನಿಲ್ಲುತ್ತಿರಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ನನಗೇನೂ ಅದು ಕಷ್ಟವಾಗಿರಲಿಲ್ಲ. ಯಾರೂ ಹೇಳದಿದ್ದರೂ ನಾನು ಅಲ್ಲೇ ನಿಲ್ಲುವವಳು. ಆದರೆ ಪ್ರತಿ ಸಲವೂ ಒಂದು ಯೋಚನೆ ಬರುತ್ತಿತ್ತು. ಎಲ್ಲಕ್ಕಿಂತ ನಂಬಬಹುದಾದ ಗುರುತು ಇನ್ನೊಂದಿದೆ. ಕುರಿ ಕಾದ ಯಾವ ಹುಡುಗಿಗೂ ಅದು ಗೊತ್ತು. ಮಾವ ಯಾಕೆ ಅದನ್ನು ಹೇಳುವುದಿಲ್ಲ?

ಒಂದು ಬೆಳಿಗ್ಗೆ ಅತ್ತೆಗೆ ಜ್ವರ ಬಂದಿತ್ತು. ತೋಟಕ್ಕೆ ರೊಟ್ಟಿ ಬುತ್ತಿಯನ್ನೂ ಮಜ್ಜಿಗೆ ಚೊಂಬನ್ನೂ ನಾನೇ ಒಯ್ದೆ. ಮಾವ ಬದುವಿನ ಕತ್ತಾಳೆಯ ಮರೆಯಲ್ಲಿ ಕೋವಿ ಹಿಡಿದು ಕೂತಿದ್ದರು. ಕೂರು ಎಂದು ಕೈಸನ್ನೆ ಮಾಡಿದರು. ತೋಟದ ಪಕ್ಕದ ನೀರಿನ ಕುಂಟೆಯ ಆಚೆ ದಡದಲ್ಲಿ ಕೊಂಬಿಲ್ಲದ ಕೊಂಡುಕುರಿಯೊಂದು ನೀರು ಕುಡಿಯುತ್ತಿತ್ತು.

"ಗಂಡ್ಮರಿ ಕಣವ್ವ. ಕತ್ತು ನೋಡು, ಎಷ್ಟು ದಪ್ಪ," ಎಂದು ಪಿಸುಗುಟ್ಟಿ ಗುರಿ ಹಿಡಿದರು.

ನನ್ನ ಕಣ್ಣಿಗೆ ಕತ್ತು ದಪ್ಪ ಕಾಣಲಿಲ್ಲ. ಅಷ್ಟರಲ್ಲಿ ಅದು ನೀರು ಬಿಟ್ಟು ಎರಡು ಹೆಜ್ಜೆ ಬಂದು, ಹಿಂಗಾಲು ಮಡಿಸಿ, ತೀರ ಕೆಳಕ್ಕೆ ಕುಕ್ಕರಿಸಿ ಉಚ್ಚೆ ಹೊಯ್ಯಿತು. ಅಂತೂ ಬರೆದೆ. ಗಂಡು ಎಷ್ಟೇ ಎಳೆಯದಾದರೂ ನಿಂತೇ ಹೊಯ್ಯುತ್ತದೆ. ಹಾಗೆ ಕುಕ್ಕರಿಸುವುದು ಹೆಣ್ಣು. ಈಗ ಮಾವನಿಗೂ ತಿಳಿಯಿತಲ್ಲ ಎಂದುಕೊಂಡೆ. ಕೋವಿ ಕೆಳಗಿಳಿಯಲಿಲ್ಲ.

ಚೊಂಬು ಬೀಳಿಸಿ ಸದ್ದು ಮಾಡಲೇ ಎಂದುಕೊಂಡೆ. ಮಜ್ಜಿಗೆ ಚೆಲ್ಲಿದರೆ ಅತ್ತೆ ಬೈಯುತ್ತಾರಲ್ಲ ಎಂಬುದೂ ಆಗಲೇ ಹೊಳೆಯಿತು, ನೋಡಿ ನನ್ನ ಬುದ್ಧಿ! ಅವರ ಬೆರಳು ಕೋವಿಯ ಕುದುರೆಯ ಮೇಲೆ ಬಿಗಿಯುತ್ತಿತ್ತು.

"ಮಾವ, ಬ್ಯಾಡಿ! ಹೆಣ್ಣು!"

ಅಷ್ಟು ದೊಡ್ಡ ದನಿ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ಕೊಂಡುಕುರಿ ಚಂಗನೆ ನೆಗೆಯಿತು, ನಿಂತಿತು, ಹಿಂದಿರುಗಿ ನೋಡಿತು. ಹುಲ್ಲಿನೊಳಗಿಂದ ಒಂದು ಪುಟ್ಟ ಮರಿ ಎದ್ದು ತಡವರಿಸುತ್ತಾ ಅದರ ಹಿಂದೆ ಓಡಿತು.

ಮಾವ ಕೋವಿಯನ್ನು ನೆಲಕ್ಕಿಟ್ಟರು. "ನಿಂಗೆ ಹೆಂಗ್ ಗೊತ್ತಾಯ್ತವ್ವ?"

ನಾನು ನೆಲ ನೋಡುತ್ತಾ, "ಅದು... ಕುಕ್ಕರಿಸ್ತು, ಮಾವ," ಎಂದೆ.

ಅವರು ಅಂಗೈಯಿಂದ ಕಣ್ಣುಜ್ಜಿಕೊಂಡರು. ಆಮೇಲೆ, "ನಂಗೆ ಕಾಣ್ಲಿಲ್ಲ ಕಣವ್ವ. ಒಂದ್ ವರ್ಸದಿಂದ ಎಲ್ಲಾ ಮಬ್ಬು. ಯಾರ್ಗೂ ಹೇಳಿಲ್ಲ," ಎಂದರು. ಹಾಗೆಂದವರು ಇದ್ದಕ್ಕಿದ್ದಂತೆ ನಕ್ಕರು. "ಆ ಗುರುತು ನಂಗೂ ಗೊತ್ತು. ಬಾಗ್ಲ ಹಿಂದೆ ಹೆಣ್ಮಕ್ಳು ಇರ್ತಾರೆ ಅಂತ ಬಾಯಿ ಬುಡ್ತಿರ್ಲಿಲ್ಲ. ನನ್ನಂಗೆ ನೀನೂ ನಾಚ್ಕೊಂಡಿದ್ರೆ ಇವತ್ತು ನನ್ನ ಕತೆ ಮುಗೀತಿತ್ತು."

ಮನೆಗೆ ಬಂದು ಅದನ್ನೆಲ್ಲ ಎಲ್ಲರ ಮುಂದೆ ಅವರೇ ಹೇಳಿದರು, ಕಣ್ಣಿನ ವಿಷಯವನ್ನೂ. ಕಂಬಳಿಯೊಳಗಿಂದಲೇ ಅತ್ತೆ, "ಮಾತು ಕಮ್ಮಿ ಅಂತ ತಂದ ಹೆಣ್ಣು ಕಣ್ರೀ ಇದು. ಮೊದ್ಲು ಬಾಯ್ತೆಗೆದಿದ್ದೇ ಮಾವನ ಮೇಲಾ?" ಎಂದರು.

"ತೆಗೀಲಿ ಬುಡೇ. ಇನ್ಮುಂದೂ ತೆಗೀಲಿ," ಎಂದರು ಮಾವ.

ಕೋವಿ ಅಟ್ಟ ಸೇರಿತು, ಅವರು ಮತ್ತೆ ಇಳಿಸಲಿಲ್ಲ. ಬಾಯಿ ತೆಗೆಯಲು ಹೇಳಿದರೆ ನಾನೇನು ತೆಗೆದುಬಿಟ್ಟೆನೇ? ವರ್ಷಕ್ಕೆ ನಾಲ್ಕು ಮಾತು ಹೆಚ್ಚಾಯಿತು, ಅಷ್ಟೇ. ಆದರೆ ನಿಮ್ಮಮ್ಮ ಹತ್ತನೆಯದು ಪಾಸಾದಾಗ, ತಿಪಟೂರಿನ ಕಾಲೇಜು ಬೇಡ ಎಂದು ಮನೆಯವರೆಲ್ಲ, ನಿಮ್ಮ ತಾತನೂ ಸೇರಿ, ತೀರ್ಮಾನಿಸಿಯಾಗಿತ್ತು. ಮಾವ ಮಾತ್ರ ಕಣ್ಣು ಕಾಣದೆ ಜಗಲಿಯಲ್ಲಿ ಕೂತವರು ಅಡಿಗೆಮನೆಯ ಕಡೆ ಮುಖ ತಿರುಗಿಸಿ, "ನೀನೇನಂತೀಯವ್ವ?" ಎಂದು ಕೂಗಿ ಕೇಳಿದರು. "ಓದ್ಲಿ, ಮಾವ," ಎಂದೆ. "ಮುಗೀತು, ಓದ್ತಾಳೆ," ಎಂದರು. ಮಕ್ಕಳೇ, ನಿಮ್ಮಮ್ಮ ಇವತ್ತು ಶಾಲೆಯಲ್ಲಿ ಪಾಠ ಹೇಳುತ್ತಿರುವುದು ಆ ಎರಡು ಮಾತಿನಿಂದ. ಕೇಳುವವರು ಇದ್ದುದರಿಂದ ನಾನು ಆಡಿದೆ. ಅವರ ಋಣ ನನ್ನ ಮೇಲೆ ಇನ್ನೂ ಇದೆ.

ಇಷ್ಟು ಬರೆದ ಮೇಲೆ, ಇನ್ನೊಮ್ಮೆ ನೀವು ಕೇಳಿದರೆ ಎದ್ದು ಹೋಗದೆ ಹೇಳುತ್ತೇನೆ ಅನ್ನಿಸುತ್ತಿದೆ. ಆದರೂ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ನಮ್ಮ ಮನೆಗೆ ಹೊಸದಾಗಿ ಬಂದವರು, ಸೊಸೆಯೋ ಅಳಿಯನೋ, ಮಾತು ನುಂಗಿಕೊಂಡು ನಿಂತದ್ದು ಕಂಡರೆ ಇದನ್ನು ಅವರಿಗೆ ಓದಲು ಕೊಡಿ. ಕೊಟ್ಟು, ಹತ್ತಿರವೇ ಕೂತಿರಿ.