ಅರ್ಧ ಹೇಳಿದ ಸಾಕ್ಷಿ

ಕಳೆದ ತಿಂಗಳು ಹುಬ್ಬಳ್ಳಿಗೆ ಹೊರಟಿದ್ದೆ. ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಬಸ್ಸು ಬಿಡುವ ಹೊತ್ತು ಮೀರಿ ಇಪ್ಪತ್ತು ನಿಮಿಷವಾಗಿತ್ತು. ಡ್ರೈವರ್ ತನ್ನ ಜಾಗದಲ್ಲಿದ್ದ, ಎಂಜಿನ್ನು ನಡುಗುತ್ತಿತ್ತು, ಬಸ್ಸು ಮಾತ್ರ ನಿಂತಲ್ಲೇ ನಿಂತಿತ್ತು. ಮುಂದೊಂದು ಬಸ್ಸು, ಹಿಂದೊಂದು ಬಸ್ಸು. ನಾನು ಎಂದಿನಂತೆ ಕೂರುವ ಮೊದಲೇ ತುರ್ತು ಕಿಟಕಿ ಎಲ್ಲಿದೆ ಎಂದು ನೋಡಿಕೊಂಡಿದ್ದೆ. ಅದರ ಪಕ್ಕ ಕೂತವರ ಗಾತ್ರ ನೋಡಿ, ಸಮಯ ಬಂದರೆ ಇವರು ಎದ್ದು ನನಗೆ ದಾರಿ ಬಿಡುವುದು ಕಷ್ಟ ಎಂದು ತೀರ್ಮಾನವನ್ನೂ ಮಾಡಿಯಾಗಿತ್ತು. ಅಷ್ಟರಲ್ಲಿ ಒಬ್ಬ ಆಲೇಪಾಕ್ ಮಾರುತ್ತ ಹತ್ತಿದ. ಶುಂಠಿ ರಸಕ್ಕೆ ಸಕ್ಕರೆ ಹಾಕಿ ಕುದಿಸಿ, ಚೌಕ ವಡಿಗಳಾಗಿ ಕೊಯ್ದ ಮಿಠಾಯಿ ಅದು. ಕೆಮ್ಮಿಗೂ ಆಗುತ್ತದೆ, ಘಾಟಿನಲ್ಲಿ ಹೊಟ್ಟೆ ತೊಳಸಿದರೂ ಆಗುತ್ತದೆ. ನನಗೆ ಎರಡೂ ಇರಲಿಲ್ಲ. ಬರಬಹುದಲ್ಲ ಎಂದು ಒಂದು ಪೊಟ್ಟಣ ಕೊಂಡೆ.

ಬಿಚ್ಚಿದೆ. ಆ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸ್ಸು ಕಿರಿದಾಗುತ್ತ ಕಿರಿದಾಗುತ್ತ ಇಬ್ಬರು ನಿಲ್ಲುವಷ್ಟಾಯಿತು... ಅಕ್ಕೋರು ನನ್ನ ಪಕ್ಕದಲ್ಲಿ ನಿಂತಿದ್ದರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತಾರೆ. ಅವರು ಹುಬ್ಬಳ್ಳಿಯಲ್ಲಿ ಜೀವಮಾನವೆಲ್ಲ ಕಲಿಸಿ, ಗಂಡನ ಜೊತೆ ಮರಾಠಿ ಸೀಮೆಯ ನಿಗಡಿಗೆ ಬಂದು, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದಿದ್ದರು. ಒಂದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವರು, ಎರಡನೆಯದರಲ್ಲಿ ನಾವು. ನಮ್ಮದು ನಲವತ್ತು ಮನೆಗಳ ಕನ್ನಡ ಕ್ರೈಸ್ತ ಸಭೆ, ಸ್ವಂತ ಕಟ್ಟಡವಿರಲಿಲ್ಲ. ಭಾನುವಾರ ಮರಾಠಿ ಸಭೆಯವರ ಆರಾಧನೆ ಮುಗಿದು, ಅವರ ಬೆಂಚುಗಳು ಇನ್ನೂ ಬೆಚ್ಚಗಿರುವಾಗ ನಾವು ಹೋಗಿ ಕೂರುತ್ತಿದ್ದೆವು. ದೃಢೀಕರಣದ ಪಾಠ ಮಾತ್ರ ಅಕ್ಕೋರ ಮನೆಯ ಪಡಸಾಲೆಯಲ್ಲಿ. ಹದಿಹರೆಯದ ಮಕ್ಕಳು ವರ್ಷವಿಡೀ ಪ್ರಶ್ನೋತ್ತರ ಬಾಯಿಪಾಠ ಮಾಡಿ, ಸಭೆಯ ಎದುರು ಎದ್ದು ಉತ್ತರ ಹೇಳಿ, ಆಮೇಲೆ ದೇವರು ಕೈಹಿಡಿದ ತಮ್ಮ ಬದುಕಿನದೊಂದು ಸಂಗತಿಯನ್ನು ಸಾಕ್ಷಿಯಾಗಿ ಹೇಳಬೇಕು. ಅದಾದರೆ ಮಾತ್ರ ಕ್ರಿಸ್ತನ ಕೊನೆಯ ಊಟದ ನೆನಪಿಗೆ ಕೊಡುವ ಪ್ರಭುಭೋಜನದ ರೊಟ್ಟಿ, ದ್ರಾಕ್ಷಿ ರಸ.

ನಾನು ಚಿಕ್ಕವನಿದ್ದಾಗ ಆ ದಿನ ಜ್ವರ ಬರಿಸಿಕೊಂಡು ಮಲಗಿದ್ದೆ. ಮುಂದಿನ ವರ್ಷವೂ ಬಂತು ಜ್ವರ. ಮೂರನೆಯ ವರ್ಷ ಯಾರೂ ಕರೆಯಲಿಲ್ಲ. ಹೀಗಾಗಿ ಮೂವತ್ತು ದಾಟಿದ ಗಂಡಸು, ಮದುವೆಯಾದವನು, ಎಲ್ಲರೂ ಎದ್ದು ರೊಟ್ಟಿಗೆ ಹೋಗುವಾಗ ಬೆಂಚಿನಲ್ಲಿ ಬಗ್ಗಿ ಬೂಟಿನ ಲೇಸು ಕಟ್ಟುತ್ತ ಕೂರುತ್ತಿದ್ದೆ. ಮದುವೆಯಾದ ಮೇಲೂ ಎರಡು ವರ್ಷ ಕಟ್ಟಿದೆ. ಕೊನೆಗೆ ನನ್ನ ಹೆಂಡತಿ, "ನಿಮಗ ಲೇಸ್ ಇಲ್ಲದ್ದ ಬೂಟ್ ಕೊಡಸ್ತೀನ್ರಿ, ಆವಾಗ ಏನ್ ಮಾಡ್ತೀರಿ ನೋಡೂಣು," ಅಂದಳು. ಮರುದಿನ ಸಂಜೆ ನಾಲ್ಕನೇ ಮಹಡಿಗೆ ಹೋದೆ.

ಅಕ್ಕೋರು ನಗಲಿಲ್ಲ. "ಗುರುವಾರ ಬಾ ತಮ್ಮಾ," ಅಂದರು. ನಿಗಡಿ ಕಡೆಯ ಕಾರ್ಖಾನೆಗಳಿಗೆ ಗುರುವಾರ ರಜೆ, ಏಕೆಂದರೆ ಗುರುವಾರವೇ ಕರೆಂಟಿನವರು ರಿಪೇರಿಗೆಂದು ಲೈನು ತೆಗೆಯುವುದು.

ಪಾಠವೆಲ್ಲ ಸಲೀಸಾಗಿ ಹೋಯಿತು, ಒಂದು ಪ್ರಶ್ನೆಯ ಹೊರತು. ಕ್ರಿಸ್ತನಲ್ಲಿ ಎರಡು ಸ್ವಭಾವ, ದೇವರದೂ ಮನುಷ್ಯನದೂ; ಎರಡೂ ಪೂರ್ಣ; ಬೆರೆತಿಲ್ಲ, ಬೇರೆಯಾಗಿಯೂ ಇಲ್ಲ; ಅವನು ಒಬ್ಬನೇ. ನಾನು ಕಾರ್ಖಾನೆಯ ಸ್ಟೋರ್ಸಿನವನು. ನಮ್ಮಲ್ಲಿ ಒಂದು ಸಾಮಾನಿಗೆ ಒಂದೇ ಕಪಾಟು. ಎರಡು ಕಪಾಟಿನಲ್ಲಿ ಒಂದೇ ನಟ್ಟು ಪೂರ್ತಿಯಾಗಿ ಇದೆ ಎಂದರೆ ಸಾಹೇಬರು ನನ್ನನ್ನೇ ಹೊರಗಿಡುತ್ತಿದ್ದರು.

"ಅರ್ಧಾ ಅರ್ಧಾ ಅಂತ ತಿಳ್ಕೊಂಡ್ರ ನಡೀತದೇನ್ರಿ ಅಕ್ಕೋರ?"

"ನಡಿಯಂಗಿಲ್ಲ. ಪೂರಾ ದೇವರು, ಪೂರಾ ಮನುಷ್ಯಾ."

"ಹಾಲು ನೀರು ಕೂಡಿದಂಗ?"

"ಎರಡೂ ಕೆಡ್ತಾವ. ಅಲ್ಲ."

"ಒಳಗ ದೇವರು, ಮ್ಯಾಲೆ ಮನುಷ್ಯಾನ ಅಂಗಿ?"

"ಅಂಗಿಗೆ ಹಸಿವಿ ಆಗ್ತದೇನು?"

ಹೀಗೆ ಪ್ರತಿ ಗುರುವಾರ ನಾನೊಂದು ಹೋಲಿಕೆ ಹೊತ್ತು ಮೇಲೆ ಹೋಗುವುದು, ಅವರು ಅದನ್ನು ತರಕಾರಿ ಆರಿಸಿದಂತೆ ತಿರುಗಿಸಿ ನೋಡಿ ಪಕ್ಕಕ್ಕಿಡುವುದು. ಆದರೆ ನನ್ನನ್ನು ನಿಜವಾಗಿ ಕೊರೆಯುತ್ತಿದ್ದದ್ದು ಬೇರೆಯೇ ಇತ್ತು. ಕ್ರಿಸ್ತನನ್ನು ಶಿಲುಬೆಗೆ ಹಿಡಿದುಕೊಡುವ ಮೊದಲು ತೋಟದಲ್ಲಿ ಅವನು ಹೆದರಿ ಬೆವತ ಎಂದು ಕಲಿಸುತ್ತಾರಲ್ಲ. ಎಲ್ಲ ಗೊತ್ತಿದ್ದವನಿಗೆ ಸತ್ತ ಮೂರನೇ ದಿನ ಎದ್ದು ಬರುತ್ತೇನೆ ಎಂದೂ ಗೊತ್ತಿರಬೇಕಲ್ಲ? ಹಾಗಾದರೆ ಆ ಭಯ ಎಂಥದು? ನನ್ನ ಚಿಂತೆಗಳು ನನಗೆ ಚಿಂತೆಯಾಗಿರುವುದೇ ಮೂರನೇ ದಿನ ಏನಾಗುತ್ತದೆಂದು ಗೊತ್ತಿಲ್ಲದ್ದರಿಂದ.

"ನಾಟಕ ಮಾಡಿದನೇನ್ರಿ?" ಎಂದು ಕೇಳಿಯೇಬಿಟ್ಟೆ.

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನಾಟಕ ಆಗಿದ್ರ ನನಗ ಅವನ ಗೊಡವಿನ ಬ್ಯಾಡಾಗಿತ್ತು," ಅಂದರು.

ಪರೀಕ್ಷೆಯ ಭಾನುವಾರಕ್ಕೆ ಮುಂಚಿನ ಗುರುವಾರ. ಅಕ್ಕೋರ ಹೊಸ ಕನ್ನಡಕ ತರಲು ಇಬ್ಬರೂ ಹೋಗಿದ್ದೆವು. ವಾಪಸು ಬಂದಾಗ ಅವರ ಮೊಣಕಾಲು ಹಿಡಿದಿತ್ತು. ಗುರುವಾರ ಲಿಫ್ಟು ಹತ್ತಬಾರದು ಎಂದು ನಮ್ಮ ಕಟ್ಟಡದ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಮುಂಜಾನೆ ಹೋದ ಕರೆಂಟು ಬಂದಿತ್ತಲ್ಲ, ಇನ್ನೇನು ಎಂದು ನಾನೇ ಅವರನ್ನು ಹತ್ತಿಸಿದೆ. ಜಗತ್ತಿನಲ್ಲಿ ಆಗದ್ದಕ್ಕೆಲ್ಲ ಚಿಂತಿಸುವ ನಾನು, ಆಗುವುದೊಂದನ್ನು ಮರೆತೆ. ಎರಡು ಮತ್ತು ಮೂರನೇ ಮಹಡಿಯ ನಡುವೆ ದೀಪ ಹೋಯಿತು, ಲಿಫ್ಟು ನಿಂತಿತು. ಜಾಲರಿ ಬಾಗಿಲಿನಾಚೆ ಬರೀ ಗೋಡೆ, ಹಸಿ ಸಿಮೆಂಟಿನ ಬಣ್ಣ. ಮೇಲ್ಗಡೆ ಒಂದು ಗೇಣು ಬೆಳಕು.

"ಕಾಕಾ, ಲೈಟ್ ಗೇಲಿ!" ಎಂದು ಕೆಳಗಿನಿಂದ ವಾಚ್‌ಮನ್ ಕರೆಂಟು ಹೋದದ್ದು ನಮಗೆ ಹೊಸ ಸುದ್ದಿಯೆಂಬಂತೆ ಕೂಗಿದ. ಲಿಫ್ಟನ್ನು ಕೈಯಿಂದ ತಿರುಗಿಸಿ ಇಳಿಸುವ ಹಿಡಿಕೆ ಇರುವ ಕೋಣೆಯ ಕೀಲಿ ಸೊಸೈಟಿಯ ಸೆಕ್ರೆಟರಿಯ ಹತ್ತಿರ. ಸೆಕ್ರೆಟರಿ ಶಿವಾಜಿನಗರದ ಕೋರ್ಟಿನಲ್ಲಿ. ಫೋನು ಮಾಡಿದರೆ "ಪಾಚ್ ಮಿನಿಟಾತ್ ಯೇತೋ" ಅಂದ. ಅಲ್ಲಿಂದ ನಿಗಡಿಗೆ ಐದು ನಿಮಿಷದಲ್ಲಿ ಹದ್ದೂ ಬರಲಾರದು.

ನಾನು ನನ್ನ ಗಾಬರಿಯನ್ನು ಶುರುಮಾಡಿದೆ. ಗಾಳಿ ಎಷ್ಟು ಹೊತ್ತಿಗೆ ಸಾಲುತ್ತದೆ, ಹಗ್ಗ ಎಷ್ಟು ಹಳೆಯದು... ಆಗ ಪಕ್ಕದಲ್ಲಿ ಒಂದು ಸದ್ದು ಕೇಳಿತು. ಅಕ್ಕೋರು ಎರಡೂ ಕೈಯಿಂದ ಜಾಲರಿ ಹಿಡಿದು ಅಲುಗಿಸುತ್ತಿದ್ದರು. "ತಗೀರಿ... ನನ್ನ ಹೊರಗ ತಗೀರಿ," ಅನ್ನುತ್ತಿದ್ದರು. ಆಮೇಲೆ ಪ್ರಾರ್ಥನೆ ಮಾಡಿದರು, ಗಟ್ಟಿಯಾಗಿ, ಒಂದೇ ಸಾಲನ್ನು ಮತ್ತೆ ಮತ್ತೆ. ಒಮ್ಮೆಲೆ ನಿಲ್ಲಿಸಿದರು. ಜಾಲರಿಗೆ ಹಣೆ ಆನಿಸಿ ಚಿಕ್ಕ ಮಕ್ಕಳಂತೆ ಅತ್ತರು. ಮೂವತ್ತು ವರ್ಷ ಊರ ಮಕ್ಕಳನ್ನು ಕಣ್ಣಲ್ಲೇ ಕೂರಿಸಿದ ಹೆಂಗಸು.

"ದೇವರೂ ಇಲ್ಲ ತಮ್ಮಾ," ಅಂದರು. "ಯಾರೂ ಇಲ್ಲ."

ನನ್ನ ಗಾಬರಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆಮೇಲೆ ಕತ್ತಲಲ್ಲಿ ಅವರ ಪರ್ಸಿನ ಗುಂಡಿ ಟಪ್ಪೆಂದಿತು. ಕಾಗದದ ಸದ್ದು. ಆಲೇಪಾಕಿನ ಒಂದು ವಡಿ, ಅವರ ಹತ್ತಿರ ಇದ್ದದ್ದು ಅದೊಂದೇ. ಇನ್ನೂ ಬಿಕ್ಕುತ್ತಲೇ ಮುರಿದರು, ಕೈ ಹುಡುಕಿ ಮೊದಲು ನನಗೆ ಕೊಟ್ಟರು. "ಬಾಯಾಗ ಇಟ್ಕೊ. ಕಡೀಬ್ಯಾಡ, ಭಾಳ ಹೊತ್ತು ಬರ್ತದ." ಆಮೇಲೆ ತಾವು ಬಾಯಿಗೆ ಹಾಕಿಕೊಂಡರು.

ಎರಡು ತಾಸಿನ ಮೇಲೆ ನಮ್ಮನ್ನು ಇಳಿಸಿದರು. ಅಕ್ಕೋರು ಸೆರಗು ಸರಿಮಾಡಿಕೊಂಡು, ವಾಚ್‌ಮನ್‌ಗೆ ಚಹಾ ಕುಡಿದು ಹೋಗೆಂದು ಹೇಳಿ, ಮೆಟ್ಟಿಲು ಹತ್ತುವ ಮೊದಲು ನನ್ನ ಕಡೆ ತಿರುಗಿದರು. "ಲಿಫ್ಟಿನ್ಯಾಗಿನ ಮಾತು ಲಿಫ್ಟಿನ್ಯಾಗ ಇರ್ಲಿ." ಹೂಂ ಅಂದೆ.

ಭಾನುವಾರ ನಮ್ಮ ಪಾದ್ರಿಗಳು, ಸಭೆಯ ಪಾಲಕರು, ನನಗೆ ಕೇಳಿದ್ದು ಎರಡು ಸ್ವಭಾವದ ಅದೇ ಪ್ರಶ್ನೆ. ಉತ್ತರ ತಪ್ಪಿಲ್ಲದೆ ಬಂತು. ನಂತರ ಸಾಕ್ಷಿ. ಹೆಂಡತಿ ತಿದ್ದಿ ಕೊಟ್ಟ ಸಾಕ್ಷಿ ಜೇಬಿನಲ್ಲಿತ್ತು, ತಲೆಯಲ್ಲಿ ಒಂದಕ್ಷರ ಇರಲಿಲ್ಲ. ನಲವತ್ತು ಮನೆಯ ಕಣ್ಣುಗಳು. ನನ್ನೊಳಗೆ ಆಗ ಇದ್ದ ನಿಜವಾದ ಸಂಗತಿ ಒಂದೇ, ಅದೇ ಬಾಯಿಗೆ ಬಂತು. "ಗುರುವಾರ ನಾನೂ ಅಕ್ಕೋರೂ ಲಿಫ್ಟಿನ್ಯಾಗ ಸಿಕ್ಕೊಂಡಿದ್ವಿ. ಅಕ್ಕೋರು ಅತ್ತರು. ದೇವರೂ ಇಲ್ಲ, ಯಾರೂ ಇಲ್ಲ ಅಂದ್ರು..."

ಬೆಂಚುಗಳು ಕಿರುಗುಟ್ಟಿದವು. ಮುಂದಿನ ಮಾತು ನನ್ನಲ್ಲಿತ್ತು, ದೇವರಾಣೆಗೂ ಇತ್ತು. ತೋಟದಲ್ಲಿ ಕ್ರಿಸ್ತನ ಭಯವೂ ಹೀಗೇ ನಿಜವಾಗಿತ್ತು ಎಂದು ಅಕ್ಕೋರಿಂದ ನನಗೆ ತಿಳಿಯಿತು ಎನ್ನಬೇಕಿತ್ತು. ಅಷ್ಟು ಕಣ್ಣುಗಳಿಗೆ ಹೆದರಿ "ಆಮೆನ್," ಅಂದು ಕೂತುಬಿಟ್ಟೆ. ಅಕ್ಕೋರು ಮೊದಲ ಬೆಂಚಿನಲ್ಲಿ ಕನ್ನಡಕದ ಡಬ್ಬಿಯನ್ನು ತೆರೆದರು, ಮುಚ್ಚಿದರು. ಆ ದಿನ ರೊಟ್ಟಿ ನನ್ನ ಬಾಯಲ್ಲಿ ಒಣಗಿಯೇ ಉಳಿಯಿತು.

ಸಂಜೆ ಕ್ಷಮೆ ಕೇಳಲು ಹೋದೆ. ನನಗಿಂತ ಮೊದಲೇ ಸಭೆಯ ಹಿರಿಯರೊಬ್ಬರು ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದು ಕೂತಿದ್ದರು. ಒಳ್ಳೆಯ ಮನುಷ್ಯ, ಅದೇ ಕಷ್ಟ.

"ಅಕ್ಕೋರ, ಯಾರೂ ನಿಮಗ ಏನೂ ಅಂದಿಲ್ರಿ. ಆದ್ರ ತಾಯಂದಿರು ಕೇಳ್ತಾರ, ದೇವರಿಲ್ಲ ಅಂದವರ ಕಡೆ ಮಕ್ಕಳನ್ನ ಹ್ಯಾಂಗ ಕಳಸೂದು ಅಂತ. ನೀವು ಒಂದ ಮಾತು ಹೇಳಿಬಿಡ್ರಿ. ಅಂಜಿಕಿಗೆ ಬಾಯಿಗೆ ಬಂತು, ಮನಸಿನಿಂದ ಅಂದಿಲ್ಲ ಅಂತ. ಮುಗೀತು."

"ಮನಸಿನಿಂದನ ಅಂದೀನ್ರಿ," ಅಂದರು ಅಕ್ಕೋರು.

"ಈಗ ನಂಬಿಕಿ ಅದನೋ ಇಲ್ಲೋ?"

"ಅದ. ಆವಾಗ ಅಂದದ್ದೂ ಖರೇನ. ನಾಟಕ ಮಾಡಿದೆ ಅಂತ ನಾ ಹೇಳಂಗಿಲ್ಲ."

ಹಿರಿಯರು ನನ್ನತ್ತ ನೋಡಿದರು. ನಾನು ಬಾಳೆಹಣ್ಣಿನತ್ತ ನೋಡಿದೆ. ಆಗಲಾದರೂ ಬಾಯಿ ತೆರೆಯಬಹುದಿತ್ತು... "ಹಂಗಾದ್ರ ಈ ವರ್ಷ ನೀವು ಸ್ವಲ್ಪ ದಣಿವಾರಿಸಿಕೋರಿ," ಅಂದು ಅವರು ಎದ್ದರು. ಆ ವರ್ಷದ ಪಾಠ ಬೇರೊಬ್ಬರ ಮನೆಗೆ ಹೋಯಿತು. ಮತ್ತೆ ಅಕ್ಕೋರ ಪಡಸಾಲೆಗೆ ಬರಲಿಲ್ಲ.

ಹಿರಿಯರು ಹೋದ ಮೇಲೆ ನಾನು ತಪ್ಪಾಯಿತೆಂದೆ, ಮಾತು ಕೊಟ್ಟು ಮುರಿದೆ ಎಂದೆ. ಅಕ್ಕೋರಿಗೆ ಸಿಟ್ಟು ಬಂದದ್ದು ಅದಕ್ಕಲ್ಲ.

"ಹೇಳಿದ್ರ ಪೂರಾ ಹೇಳಬೇಕಿತ್ತು," ಅಂದರು. "ಅತ್ತಾಕಿನೂ ನಾನ, ಮುರದು ಕೊಟ್ಟಾಕಿನೂ ನಾನ. ಒಬ್ಬಾಕಿನ. ನೀ ಅರ್ಧಾ ಹೇಳಿದಿ. ವರ್ಷಪೂರ್ತಿ ಏನ್ ಕಲಿಸಿದೆನೋ ನಿನಗ ನಾನು?"

ಆಮೇಲೆ ಅವರು ಲಿಫ್ಟು ಹತ್ತಲಿಲ್ಲ. ಮೊಣಕಾಲು ಮೆಟ್ಟಿಲಿಳಿಯಗೊಡಲಿಲ್ಲ. ಮೊದಲು ತಿಂಗಳಿಗೊಮ್ಮೆ ನನ್ನ ಭುಜ ಹಿಡಿದು ಇಳಿದರು, ನಂತರ ಹಬ್ಬಕ್ಕೊಮ್ಮೆ, ನಂತರ ಇಲ್ಲ. ನಾಲ್ಕನೇ ಮಹಡಿಯ ಮೂರು ಕೋಣೆ ಅವರ ಊರಾಯಿತು. ಪ್ರಭುಭೋಜನವನ್ನು ಪಾಲಕರು ಮನೆಗೇ ತಂದು ಕೊಡುತ್ತಿದ್ದರು. ಭಾನುವಾರ ನಾವು ಗೇಟು ದಾಟುವಾಗ ಮೇಲಿನ ಗ್ಯಾಲರಿಯಿಂದ, "ತಮ್ಮಾ, ಛತ್ರಿ ತಗೊಂಡೀಯೇನು?" ಎಂದು ಕೂಗುತ್ತಿದ್ದರು. ಬೇಸಿಗೆಯಲ್ಲೂ ಕೂಗುತ್ತಿದ್ದರು, ನನ್ನನ್ನು ಬಲ್ಲವರು. ನಾನು ಛತ್ರಿ ಎತ್ತಿ ತೋರಿಸುತ್ತಿದ್ದೆ. ವಾರಕ್ಕೆರಡು ಸಲ ಮೇಲೆ ಹೋಗಿ ಔಷಧಿ, ತರಕಾರಿ ಕೊಟ್ಟು ಬರುತ್ತಿದ್ದೆ. ಸಭೆಯಲ್ಲಿ ಎದ್ದು ಉಳಿದರ್ಧ ಹೇಳಬೇಕು, ಮುಂದಿನ ಭಾನುವಾರ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಆರು ವರ್ಷ ಭಾನುವಾರಗಳು ಬಂದವು. ಅಕ್ಕೋರು ಮೇಲೆ ಸಿಕ್ಕಿಬಿದ್ದಿದ್ದರು, ನಾನು ಕೆಳಗೆ ಆ ಬೆಂಚಿನಲ್ಲಿ.

ಅವರು ಹೋದದ್ದೂ ಒಂದು ಗುರುವಾರವೇ. ಕರೆಂಟಿತ್ತು, ಆದರೂ ಶವದ ಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಒಂದು ಥರ ಸಮಾಧಾನವಾಯಿತು ನನಗೆ. ಆರು ಜನ ಹೊತ್ತು ಮೆಟ್ಟಿಲಿಳಿದೆವು. ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸ್ವಲ್ಪ ಹೊತ್ತು ಸಿಕ್ಕಿಕೊಂಡಿತು, ಎತ್ತಿ ಓರೆ ಮಾಡಿ ಇಳಿಸಬೇಕಾಯಿತು. ಆರಾಧನೆಯಲ್ಲಿ ಪಾಲಕರು, "ಅಕ್ಕೋರ ಬಗ್ಗೆ ಯಾರಾದರೂ ಎರಡು ಮಾತು..." ಎಂದು ಸಭೆಯನ್ನು ನೋಡಿದರು. ಹೆಂಡತಿ ನನ್ನ ಮೊಣಕೈ ತಿವಿದಳು.

ನಾನು ಬಗ್ಗಿ ಲೇಸು ಕಟ್ಟಿಕೊಂಡೆ.

ಸ್ವಾರಗೇಟಿನಲ್ಲಿ ಬಸ್ಸು ಕೊನೆಗೂ ಅಲುಗಿತು. ಪೊಟ್ಟಣದಿಂದ ಒಂದು ವಡಿ ತೆಗೆದು ಮುರಿದೆ. ಪಕ್ಕದವರ ಕಡೆ ಚಾಚಿದೆ. ಅವರು ನನ್ನ ಮುಖ ನೋಡಿ, ಬೇಡವೆಂದು ಕೈಯಾಡಿಸಿ, ಪರ್ಸಿದ್ದ ಜೇಬಿನ ಮೇಲೆ ಅಂಗೈಯಿಟ್ಟುಕೊಂಡರು. ತಪ್ಪಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಎರಡೂ ಚೂರು ನನ್ನ ಅಂಗೈಯಲ್ಲಿ ಅಂಟಿಕೊಂಡು ಕೂತವು.

ಆ ಸಭೆ ಈಗ ಬೇರೆ ಕಡೆ ಹೋಗಿದೆ, ಆ ಹಿರಿಯರೂ ಇಲ್ಲ, ಆ ತಾಯಂದಿರ ಮಕ್ಕಳೇ ಈಗ ತಾಯಂದಿರು. ಕೇಳಬೇಕಾದವರು ಯಾರೂ ಉಳಿದಿಲ್ಲ. ಆದರೂ ಬರೆದಿಡುತ್ತೇನೆ: ವಡಿ ಒಂದೇ ಇತ್ತು. ಅಳು ಇನ್ನೂ ನಿಂತಿರಲಿಲ್ಲ. ಅಕ್ಕೋರು ಮುರಿದು, ಕತ್ತಲಲ್ಲಿ ನನ್ನ ಕೈ ಹುಡುಕಿ, ಮೊದಲು ನನಗೆ ಕೊಟ್ಟರು.